ನಾಯಿ, ಬೆಕ್ಕು ಇರುವ ಮನೆಗೆ ಯಾವ ರೋಬೋ ವ್ಯಾಕ್ಯೂಮ್?

ಓದುಗರ ಪ್ರಶ್ನೆಗೆ ಉತ್ತರ

ತಾನಾಗಿಯೇ ಮನೆಯೆಲ್ಲ ಓಡಾಡಿ ಕಸ ಹೀರುವ ರೋಬೋ ವ್ಯಾಕ್ಯೂಮ್ ಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ, ಸಾಕುಪ್ರಾಣಿಗಳಿರುವ ಮನೆಗಳಿಂದ ಬಂದ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಲ್ಯಾಬ್ರಡಾರ್ ನಾಯಿ, ಒಂದು ಪರ್ಷಿಯನ್ ಬೆಕ್ಕು ಇವೆ. ದಿನಕ್ಕೆ ಎರಡು ಸಲ ಕಸ ಗುಡಿಸಿದರೂ ಸೋಫಾದ ಕೆಳಗೆ ಕೂದಲಿನ ಉಂಡೆಗಳು ಸಿಗುತ್ತವೆ. ಒಂದು ಜಾಹೀರಾತು 4,000 ಪಾಸ್ಕಲ್ ಎನ್ನುತ್ತದೆ, ಇನ್ನೊಂದು 10,000 ಎನ್ನುತ್ತದೆ. ಹೆಚ್ಚು ಪಾಸ್ಕಲ್ ಇರುವುದನ್ನೇ ಕೊಳ್ಳಬೇಕೆ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಅಗತ್ಯವಿಲ್ಲ. ಯಂತ್ರದ ಮೋಟರ್ ಎಷ್ಟು ಒತ್ತಡದ ವ್ಯತ್ಯಾಸ ಉಂಟುಮಾಡಬಲ್ಲದು ಎಂಬುದನ್ನಷ್ಟೇ ಪಾಸ್ಕಲ್ ಅಂಕಿ ಹೇಳುತ್ತದೆ. ಅದರ ಮೂಲಕ ಎಷ್ಟು ಗಾಳಿ ಹರಿಯುತ್ತದೆ, ಬ್ರಷ್ ನೆಲಕ್ಕೆ ಎಷ್ಟು ಸರಿಯಾಗಿ ತಾಗುತ್ತದೆ, ಫಿಲ್ಟರ್‌ನಲ್ಲಿ ದೂಳು ಕಟ್ಟಿಕೊಂಡ ಮೇಲೆ ಆ ಬಲದಲ್ಲಿ ಎಷ್ಟು ಉಳಿಯುತ್ತದೆ ಎಂಬ ಮುಖ್ಯ ಸಂಗತಿಗಳು ಆ ಅಂಕಿಯಲ್ಲಿ ಇರುವುದಿಲ್ಲ. ಜಾಹೀರಾತಿನಲ್ಲಿ ಅಚ್ಚಾಗುವ ಅಂಕಿ ಯಂತ್ರವನ್ನು ಅದರ ಗರಿಷ್ಠ ವೇಗದಲ್ಲಿ ಓಡಿಸಿದಾಗಿನದು. ಆ ವೇಗದಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಮತ್ತು ಸದ್ದು ಹೆಚ್ಚುವುದರಿಂದ ದಿನನಿತ್ಯ ಯಾರೂ ಹಾಗೆ ಓಡಿಸುವುದಿಲ್ಲ. ಟೈಲ್ಸ್, ಗ್ರಾನೈಟ್ ಅಥವಾ ಶಹಾಬಾದಿ ಫರಸಿಯಂಥ ಗಟ್ಟಿ ನೆಲದ ಮೇಲಿನ ಕೂದಲಿಗೆ 3,000ದಿಂದ 4,000 ಪಾಸ್ಕಲ್ ಧಾರಾಳವಾಯಿತು. ಮನೆಯ ತುಂಬ ದಪ್ಪ ಕಾರ್ಪೆಟ್ ಹಾಸಿದ್ದರೆ ಮಾತ್ರ ಅದಕ್ಕಿಂತ ಹೆಚ್ಚಿನದನ್ನು ಯೋಚಿಸಬಹುದು.

ನೀವು ನಿಜವಾಗಿ ನೋಡಬೇಕಾದದ್ದು ಯಂತ್ರವನ್ನು ಮಗುಚಿದಾಗ ಕಾಣುವ ಮುಖ್ಯ ಬ್ರಷ್ಷನ್ನು. ಅಂಗಡಿಗೆ ಹೋದಾಗ ಸಂಕೋಚಪಡದೆ ಅದನ್ನು ಮಗುಚಿಸಿ ನೋಡಿರಿ. ಬರೀ ನೈಲಾನ್ ಎಳೆಗಳ ಬ್ರಷ್ ಇದ್ದರೆ ಪರ್ಷಿಯನ್ ಬೆಕ್ಕಿನ ಉದ್ದ ಕೂದಲು, ಹಾಗೆಯೇ ಮನೆಯ ಹೆಣ್ಣುಮಕ್ಕಳ ತಲೆಗೂದಲು, ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಹಾಗೆ ಅದಕ್ಕೆ ಸುತ್ತಿಕೊಳ್ಳುತ್ತದೆ. ನಡುಭಾಗದಲ್ಲಿ ಸುತ್ತಿಕೊಂಡದ್ದು ಕಣ್ಣಿಗೆ ಕಾಣುವುದರಿಂದ ಕತ್ತರಿಯಿಂದ ಕತ್ತರಿಸಿ ತೆಗೆಯಬಹುದು. ತೊಂದರೆ ಇರುವುದು ಎರಡು ತುದಿಗಳಲ್ಲಿ. ಅಲ್ಲಿನ ಮುಚ್ಚಳ ಕಳಚಿ ನೋಡಿದರೆ ಬೇರಿಂಗ್ ಸುತ್ತ ಕೂದಲು ಗಟ್ಟಿ ಬಳೆಯಂತೆ ಕೂತಿರುತ್ತದೆ, ಅದರಿಂದ ಬ್ರಷ್ ಬಿಗಿಯಾಗಿ, ಮೋಟರ್‌ಗೆ ಹೊರೆ ಹೆಚ್ಚಿ, ಯಂತ್ರ ದೋಷದ ಸೂಚನೆ ಕೊಟ್ಟು ನಡುಮನೆಯಲ್ಲೇ ನಿಂತುಬಿಡುತ್ತದೆ. ರಬ್ಬರ್ ಪಟ್ಟಿಗಳ ರೋಲರ್, ಅದರಲ್ಲೂ ಒಂದಕ್ಕೊಂದು ಎದುರಾಗಿ ತಿರುಗುವ ಜೋಡಿ ರೋಲರ್ ಇರುವ ಮಾದರಿಗಳಲ್ಲಿ ಈ ಕಾಟ ಬಹಳ ಕಡಿಮೆ. ಪೂರ್ತಿ ಇಲ್ಲವೆಂದು ಹೇಳಲಾಗದು. ಲ್ಯಾಬ್ರಡಾರ್‌ನ ಕೂದಲು ಗಿಡ್ಡವಾದ್ದರಿಂದ ಸುತ್ತಿಕೊಳ್ಳುವುದಕ್ಕಿಂತ ಡಬ್ಬಿ ತುಂಬಿಸುವುದೇ ಹೆಚ್ಚು. ಅದರ ಮೈಮೇಲೆ ಎರಡು ಪದರ ಕೂದಲಿರುವುದರಿಂದ, ಒಳಪದರ ಉದುರುವ ಕಾಲದಲ್ಲಿ ಯಂತ್ರ ಒಂದು ಸುತ್ತು ಮುಗಿಸುವ ಮೊದಲೇ ಒಳಗಿನ 300–500 ಮಿ.ಲೀ. ಡಬ್ಬಿ ತುಂಬಿದರೆ ಆಶ್ಚರ್ಯವಿಲ್ಲ.

ಆದಕಾರಣ ನಿಮ್ಮಂಥ ಮನೆಗೆ, ಹೀರಿದ ಕಸವನ್ನು ಚಾರ್ಜಿಂಗ್ ನಿಲ್ದಾಣದಲ್ಲಿರುವ ದೊಡ್ಡ ಚೀಲಕ್ಕೆ ತಾನೇ ಸುರಿಯುವ ಮಾದರಿ ಕೊಳ್ಳುವುದು ಲೇಸು. ಆ ಚೀಲ ಸಾಮಾನ್ಯವಾಗಿ 2.5ರಿಂದ 3 ಲೀಟರ್ ಹಿಡಿಯುತ್ತದೆ. ಸುರಿಯುವಾಗ ಕೆಲವು ಸೆಕೆಂಡ್ ಜೋರಾದ ಸದ್ದು ಬರುತ್ತದೆ, ಆದ್ದರಿಂದ ನಾಯಿ ಮಲಗುವ ಜಾಗದ ಬಳಿ ನಿಲ್ದಾಣ ಇಡಬೇಡಿ. ಚೀಲ ಮತ್ತೆ ಮತ್ತೆ ಕೊಳ್ಳಬೇಕಾದ ವಸ್ತು. ಚೀಲ, ಫಿಲ್ಟರ್, ಪಕ್ಕದ ಬ್ರಷ್ ಇವು ಬೆಳಗಾವಿಯಲ್ಲೇ ಅಥವಾ ಅಂಚೆಯಲ್ಲಿ ಸುಲಭವಾಗಿ ಸಿಗುತ್ತವೆಯೇ, ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸಬೇಕು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿರಿ. ನನ್ನ ಅಭಿಪ್ರಾಯದಲ್ಲಿ 10,000 ಪಾಸ್ಕಲ್‌ಗೆ ಕೊಡುವ ಹೆಚ್ಚಿನ ಹಣವನ್ನು ಈ ಚೀಲದ ವ್ಯವಸ್ಥೆಗೆ ಕೊಡುವುದು ಜಾಣತನ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ, ಏಕೆಂದರೆ ಬೆಕ್ಕಿನ ಅಲರ್ಜಿಗೆ ಕಾರಣವಾಗುವ ಪ್ರೋಟೀನು ಕೂದಲಿನದಲ್ಲ, ಅದರ ಜೊಲ್ಲು ಮತ್ತು ಚರ್ಮದ ಹೊಟ್ಟಿನದು. ಡಬ್ಬಿಯನ್ನು ಕೈಯಿಂದ ಬಡಿದು ಖಾಲಿ ಮಾಡುವಾಗ ಆ ಸೂಕ್ಷ್ಮ ಹೊಟ್ಟೇ ಗಾಳಿಗೆ ಏಳುತ್ತದೆ. ಫಿಲ್ಟರ್ ಮೇಲೆ ಬರೀ ‘ಹೆಪಾ ಮಾದರಿ’ ಎಂದಿದ್ದರೆ ಅದನ್ನು ನಿಜವಾದ ಹೆಪಾ ಎಂದು ತಿಳಿಯಬೇಡಿ, ನಿಜವಾದದ್ದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕು.

ಮಳೆಗಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಬೆಳಗಾವಿಯವರಾದ್ದರಿಂದ ಹೇಳುತ್ತೇನೆ. ನಾಯಿ ಹೊರಗಿನಿಂದ ತಂದ ಹಸಿ ಕೆಮ್ಮಣ್ಣಿನ ಮೇಲೆ ಈ ಯಂತ್ರ ಓಡಿಸಬಾರದು. ಹಸಿ ಮಣ್ಣು ರೋಲರ್‌ಗೂ ಗಾಳಿಯ ದಾರಿಗೂ ಮೆತ್ತಿ ಒಣಗುತ್ತದೆ, ಡಬ್ಬಿಯಲ್ಲಿನ ಕೂದಲು ತೇವಗೊಂಡು ನಾರುತ್ತದೆ. ಬಾಗಿಲಲ್ಲಿ ಗೋಣಿತಾಟು ಹಾಕಿ ಕಾಲು ಒರೆಸಿಯೇ ನಾಯಿಯನ್ನು ಒಳಗೆ ಬಿಡಿರಿ.

ಪ್ರಶ್ನೆ: ನಮ್ಮದು ಹಳೆಯ ಮನೆ. ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು, ನಡುಮನೆಯಲ್ಲಿ ಕಪ್ಪು ಕಡಪಾ ಕಲ್ಲು. ಬೇಸಿಗೆಯಲ್ಲಿ ದೂಳು, ಆಗಾಗ ಕರೆಂಟ್ ಹೋಗುವುದು ಬೇರೆ. ಎರಡು ಬೆಕ್ಕುಗಳಿವೆ. ಇಂಥ ಮನೆಗೆ ರೋಬೋ ಯಂತ್ರ ಹೊಂದುತ್ತದೆಯೇ?
– ಗೃಹಿಣಿಯೊಬ್ಬರು, ವಿಜಯಪುರ

ಉತ್ತರ: ಹೊಂದುವಂತೆ ಮಾಡಿಕೊಳ್ಳಬಹುದು, ಆದರೆ ‘ಗುಂಡಿ ಒತ್ತಿದರೆ ಮನೆಯೆಲ್ಲ ಸ್ವಚ್ಛ’ ಎಂಬ ಮಾತು ನಿಮ್ಮ ಮನೆಯಲ್ಲಿ ನಡೆಯದು. ಸಾಮಾನ್ಯ ಮಾದರಿಗಳು ಸುಮಾರು 2 ಸೆಂ.ಮೀ. ಎತ್ತರವನ್ನು ಮಾತ್ರ ದಾಟುತ್ತವೆ. ಚಕ್ರ ಎತ್ತಿ ಹೆಚ್ಚು ದಾಟುವ ಹೊಸ ಮಾದರಿಗಳಿದ್ದರೂ ಅವು ದುಬಾರಿ, ಮತ್ತು ಹಳೆಯ ಮನೆಯ ಹೊಸ್ತಿಲು ಅವುಗಳಿಗೂ ಮೀರಿದ್ದಿರಬಹುದು. ಎರಡೂ ಬದಿಗೆ ಹಲಗೆಯ ಇಳಿಜಾರು ಇಡಬಹುದೆಂದು ಮಾರುವವರು ಹೇಳುತ್ತಾರೆ. ಅರಿಶಿನ–ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲ ಮೇಲೆ ಹಲಗೆ ಇಟ್ಟು ಯಂತ್ರ ಹಾಯಿಸಲು ನಿಮ್ಮ ಮನೆಯ ಹಿರಿಯರು ಒಪ್ಪುತ್ತಾರೆಯೇ ಎಂಬುದು ಬೇರೆ ಮಾತು. ಯಂತ್ರವನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಒಂದು ದಿನ ಒಂದು ಕೋಣೆ, ಮರುದಿನ ಇನ್ನೊಂದು ಎಂದು ಓಡಿಸುವುದೇ ಸರಳ. ಹಾಗೆ ಮಾಡುವುದಾದರೆ ಕಸ ತಾನೇ ಸುರಿಯುವ ದುಬಾರಿ ನಿಲ್ದಾಣದ ಪ್ರಯೋಜನ ನಿಮಗೆ ಅಷ್ಟಾಗಿ ಸಿಗದು, ಕಡಿಮೆ ಬೆಲೆಯ ಮಾದರಿಯೇ ಸಾಕು.

ಕಡಪಾ ಕಲ್ಲಿನ ವಿಷಯ ಹೆಚ್ಚಿನವರಿಗೆ ಕೊಂಡ ಮೇಲೆಯೇ ತಿಳಿಯುತ್ತದೆ. ಮೆಟ್ಟಿಲಿನಿಂದ ಬೀಳದಿರಲೆಂದು ಯಂತ್ರದ ತಳದಲ್ಲಿ ಇನ್ಫ್ರಾರೆಡ್ ಸಂವೇದಕಗಳಿರುತ್ತವೆ. ಅವು ಕೆಳಗೆ ಬೆಳಕು ಚೆಲ್ಲಿ, ಅದು ಮರಳಿ ಬಂದರೆ ನೆಲವಿದೆಯೆಂದು, ಬಾರದಿದ್ದರೆ ಮುಂದೆ ತಗ್ಗಿದೆಯೆಂದು ತಿಳಿಯುತ್ತವೆ. ಕಪ್ಪು ಕಲ್ಲು ಆ ಬೆಳಕನ್ನು ಹೀರಿಕೊಂಡುಬಿಟ್ಟರೆ, ಸಮನಾದ ನೆಲದ ಮೇಲೆಯೇ ಯಂತ್ರ ಪ್ರಪಾತ ಕಂಡಂತೆ ಹಿಂದಕ್ಕೆ ಸರಿಯುತ್ತದೆ. ಎಲ್ಲ ಮಾದರಿಗಳೂ ಹೀಗೆ ಮಾಡುವುದಿಲ್ಲ, ಹೊಳಪಿನ ಕಲ್ಲಿಗೂ ಒರಟು ಕಲ್ಲಿಗೂ ವ್ಯತ್ಯಾಸ ಉಂಟು. ಆದ್ದರಿಂದ ನಿಮ್ಮ ಮನೆಯಲ್ಲೇ ಓಡಿಸಿ ನೋಡಿ, ಸರಿಯಾಗದಿದ್ದರೆ ಹಿಂದಿರುಗಿಸುವ ಅವಕಾಶ ಇರುವ ಕಡೆಯೇ ಕೊಳ್ಳಿರಿ. ಸಂವೇದಕಗಳ ಮೇಲೆ ಟೇಪ್ ಅಂಟಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಪಡಸಾಲೆಯಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲಿರುವ ಮನೆಯಲ್ಲಿ ಅದು ಯಂತ್ರವನ್ನು ಕೈಯಾರೆ ಕೆಳಗೆ ದೂಡಿದಂತೆಯೇ.

ಬೇಸಿಗೆಯ ಎರೆಮಣ್ಣಿನ ನುಣುಪು ದೂಳು ಫಿಲ್ಟರ್‌ನ ಮಡಿಕೆಗಳಲ್ಲಿ ಕೂರುತ್ತದೆ, ರಂಗೋಲಿ ಪುಡಿಯೂ ಹಾಗೆಯೇ. ಎರಡು ಮೂರು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ಅಂಗಳದಲ್ಲಿ ಮೆಲ್ಲಗೆ ತಟ್ಟಿರಿ. ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ತೊಳೆದ ಮೇಲೆ 24 ಗಂಟೆಯಾದರೂ ಪೂರ್ತಿ ಒಣಗಲಿ. ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಮೋಟರ್‌ಗೆ ಅಪಾಯ. ಕರೆಂಟ್ ಹೋಗುವುದರಿಂದ ಯಂತ್ರಕ್ಕೆ ಹಾನಿಯಿಲ್ಲ. ಆದರೆ ನಿಲ್ದಾಣವು ಸಂಕೇತ ಹೊರಡಿಸುವುದು ಕರೆಂಟ್ ಇದ್ದಾಗ ಮಾತ್ರ, ಆದ್ದರಿಂದ ಆ ಹೊತ್ತಿನಲ್ಲಿ ಮರಳಿ ಬಂದ ಯಂತ್ರ ಚಾರ್ಜಿಗೆ ಸರಿಯಾಗಿ ಕೂರಲಾರದೆ ಅಲ್ಲೇ ತಡಕಾಡಬಹುದು. ವೈ-ಫೈ ಕೂಡ ಆಗ ಇರುವುದಿಲ್ಲವಾದ್ದರಿಂದ ಮೊಬೈಲನ್ನೇ ನಂಬದೆ, ಮೈಮೇಲೆ ಗುಂಡಿಗಳಿರುವ ಮಾದರಿಯನ್ನೇ ಆರಿಸಿರಿ.

ಪ್ರಶ್ನೆ: ಮುಧೋಳ ತಳಿಯ ಎರಡು ತಿಂಗಳ ಮರಿಯನ್ನು ತಂದಿದ್ದೇವೆ. ಅದು ಎಲ್ಲೆಂದರಲ್ಲಿ ಹೊಲಸು ಮಾಡುತ್ತದೆ. ಲೇಸರ್ ಇರುವ ಯಂತ್ರ ಕೊಂಡರೆ ಅದನ್ನು ತಪ್ಪಿಸಿ ಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜವೇ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಲೇಸರ್ ಒಂದರಿಂದಲೇ ಅದು ಆಗುವುದಿಲ್ಲ. ಲೈಡಾರ್ ಎಂಬ ಆ ಲೇಸರ್ ಗೋಪುರ ಯಂತ್ರದ ನೆತ್ತಿಯ ಮೇಲೆ, ನೆಲದಿಂದ ಸುಮಾರು 9–10 ಸೆಂ.ಮೀ. ಎತ್ತರದಲ್ಲಿ ಸುತ್ತುತ್ತಾ ಗೋಡೆ, ಕಪಾಟು, ಮಂಚದ ಕಾಲುಗಳ ನಕ್ಷೆ ಬರೆಯುತ್ತದೆ. ಅದು ನೋಡುವುದು ಆ ಎತ್ತರದ ಒಂದು ಗೆರೆಯನ್ನು ಮಾತ್ರ. ಅದಕ್ಕಿಂತ ಕೆಳಗೆ ನೆಲದ ಮೇಲೆ ಬಿದ್ದಿರುವ ಚಾರ್ಜರ್ ತಂತಿ, ಕಾಲುಚೀಲ, ನಾಯಿಮರಿಯ ಹೊಲಸು ಯಾವುದೂ ಅದಕ್ಕೆ ಕಾಣುವುದಿಲ್ಲ. ಅವನ್ನು ಗುರುತಿಸಲು ಮುಂಭಾಗದಲ್ಲಿ ಕ್ಯಾಮೆರಾ ಅಥವಾ ಆಳ ಅಳೆಯುವ ಪ್ರತ್ಯೇಕ ಸಂವೇದಕ ಬೇಕು. ಕ್ಯಾಮೆರಾ ಇದ್ದರೂ ಕತ್ತಲಲ್ಲಿ ನೋಡಲು ಯಂತ್ರಕ್ಕೆ ತನ್ನದೇ ದೀಪವಿರಬೇಕು, ಇಲ್ಲವೇ ಕೋಣೆಯಲ್ಲಿ ಬೆಳಕಿರಬೇಕು. ಅಂಗಡಿಯವರನ್ನು ಕೇಳಬೇಕಾದದ್ದು ಇದನ್ನು.

ಇದು ಕೇಳಲು ನಗು ತರಿಸಿದರೂ ಈ ಯಂತ್ರಗಳ ಇತಿಹಾಸದಲ್ಲಿ ಸಣ್ಣ ವಿಷಯವಲ್ಲ. ಐರೋಬೋಟ್ ಕಂಪನಿಯ ರೂಂಬಾ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಸಾಕುಪ್ರಾಣಿಯ ಹೊಲಸನ್ನು ತಪ್ಪಿಸದಿದ್ದರೆ ಯಂತ್ರವನ್ನೇ ಬದಲಿಸಿಕೊಡುವೆವು ಎಂದು ಆ ಕಂಪನಿ ಮಾತು ಕೊಟ್ಟದ್ದು 2021ರಲ್ಲಿ, ಕ್ಯಾಮೆರಾ ಇದ್ದ ಜೆ7 ಮಾದರಿಯೊಂದಿಗೆ. ಆ ಮಾತೂ ಗಟ್ಟಿಯಾದ ಹೊಲಸಿಗೆ ಮಾತ್ರ ಸೀಮಿತವಾಗಿತ್ತು. ತೆಳುವಾದದ್ದು, ಮೂತ್ರ, ವಾಂತಿ ಇವುಗಳ ಭರವಸೆಯನ್ನು ಯಾವ ಯಂತ್ರದಿಂದಲೂ ನಿರೀಕ್ಷಿಸಬೇಡಿ. ಒಮ್ಮೆ ಚಕ್ರ ಅದರ ಮೇಲೆ ಹಾದುಹೋದರೆ, ಕೋಣೆಯನ್ನು ಅಚ್ಚುಕಟ್ಟಾಗಿ ಸಾಲು ಸಾಲಾಗಿ ಗುಡಿಸುವ ಅದರ ಶಿಸ್ತೇ ಮುಳುವಾಗಿ ಸೋಫಾ ಕೆಳಗಿನಿಂದ ಅಡುಗೆಮನೆಯವರೆಗೆ ಬಳಿದುಬಿಡುತ್ತದೆ. ಹಾಗಾದರೆ ತಕ್ಷಣ ಯಂತ್ರ ಆರಿಸಿ, ಬ್ರಷ್, ಡಬ್ಬಿ, ಬಿಚ್ಚಲು ಬರುವ ಮುಂದಿನ ಸಣ್ಣ ಚಕ್ರ ಇವನ್ನು ತೆಗೆದು ಸಾಬೂನಿನಿಂದ ತೊಳೆಯಿರಿ. ಯಂತ್ರದ ಮೈಯನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಿರಿ.

ಮರಿಗೆ ಹೊರಗೆ ಹೋಗುವ ಅಭ್ಯಾಸವಾಗುವವರೆಗೆ ಖರೀದಿಯನ್ನೇ ಮುಂದೂಡಿ ಎಂಬುದು ನನ್ನ ಸಲಹೆ. ಮುಧೋಳ ನಾಯಿಯ ಕೂದಲು ಗಿಡ್ಡ, ಉದುರುವುದೂ ಕಡಿಮೆ. ನಿಮ್ಮದೇ ಜಿಲ್ಲೆಯ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ತಳಿಯನ್ನು ಸಾಕುವವರಿಗೆ ಈ ಯಂತ್ರದ ಅವಸರವೇ ಇಲ್ಲ. ಈಗಾಗಲೇ ಕೊಂಡಿದ್ದರೆ, ಯಾರೂ ಇಲ್ಲದಾಗ ತಾನೇ ಓಡುವಂತೆ ಸಮಯ ನಿಗದಿ ಮಾಡಬೇಡಿ, ಮನೆಯಲ್ಲಿದ್ದಾಗ ನೆಲವನ್ನು ಒಮ್ಮೆ ನೋಡಿಯೇ ಓಡಿಸಿರಿ. ಮರಿ ಮಲಗುವ ಮೂಲೆಯನ್ನು ಮೊಬೈಲಿನ ನಕ್ಷೆಯಲ್ಲಿ ನಿಷಿದ್ಧ ಜಾಗವೆಂದು ಗುರುತಿಸಿಡಿರಿ. ಕೌದಿಯ ಅಂಚು, ಜಮಖಾನೆಯ ಗೊಂಡೆ ಬ್ರಷ್‌ಗೆ ಸಿಕ್ಕಿಕೊಳ್ಳುವುದರಿಂದ ಅವನ್ನೂ ಮಡಚಿ ಎತ್ತಿಡುವುದು ಒಳ್ಳೆಯದು.

ಪ್ರಶ್ನೆ: ಯಂತ್ರ ಶುರುವಾದೊಡನೆ ನಮ್ಮ ಬೆಕ್ಕು ಕಪಾಟಿನ ಮೇಲೆ ಹತ್ತಿ ಕೂರುತ್ತದೆ, ಎಷ್ಟೋ ಹೊತ್ತು ಇಳಿಯುವುದಿಲ್ಲ. ಇನ್ನೊಂದು ಸಂದೇಹ: ಒರೆಸುವ ಸೌಲಭ್ಯವೂ ಇರುವುದರಿಂದ ನೀರಿನ ಟ್ಯಾಂಕಿಗೆ ಸ್ವಲ್ಪ ಫಿನಾಯಿಲ್ ಹಾಕಬಹುದೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನ ಕಿವಿ 60ನ್ನೂ ಮೀರಿ ಕೇಳುತ್ತದೆ, ಹೀಗಾಗಿ ನಮಗೆ ತಿಳಿಯದ ಮೋಟರ್‌ನ ಕೀರಲು ಸದ್ದು ಅದಕ್ಕೆ ಕೇಳಿಸುತ್ತಿರಬಹುದು. ಕೆಲವು ದಿನ ಯಂತ್ರವನ್ನು ಆರಿಸಿಯೇ ಬೆಕ್ಕಿನ ಕಣ್ಣೆದುರು ಇಡಿರಿ, ಅದರ ಪಕ್ಕದಲ್ಲೇ ತಿನಿಸು ಹಾಕಿರಿ. ಬಳಿಕ ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ, ಅತಿ ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿರಿ. ಕಪಾಟಿನಿಂದ ಎಳೆದು ತಂದು ಯಂತ್ರ ತೋರಿಸುವ ಗೋಜಿಗೆ ಹೋಗಬೇಡಿ.

ಫಿನಾಯಿಲ್ ಖಂಡಿತ ಬೇಡ. ಫೀನಾಲ್ ವರ್ಗದ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಸರ್ಜಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಂಜ ನೆಕ್ಕಿಕೊಂಡರೆ ಅದು ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಯಂತ್ರದ ಸಣ್ಣ ಕೊಳವೆಗಳಿಗೂ ಅದು ಒಳ್ಳೆಯದಲ್ಲ. ಬರೀ ನೀರು ಸಾಕು. ಬೆಕ್ಕಿನ ಮಲದ ಪೆಟ್ಟಿಗೆಗೆ ನೀರು ತಾಗಿದರೆ ಗಟ್ಟಿಯಾಗುವ ಬೆಂಟೋನೈಟ್ ಮಣ್ಣು ಬಳಸುತ್ತಿದ್ದರೆ, ಅದರ ಸುತ್ತ ಒರೆಸುವ ಕೆಲಸ ನಿಲ್ಲಿಸಿ, ಚೆಲ್ಲಿದ ಹರಳುಗಳನ್ನು ಒಣಗಿದ್ದಾಗಲೇ ಹೀರಿಸಿರಿ; ಒದ್ದೆಯಾದರೆ ಅದು ಕೆಸರಾಗಿ ಚಕ್ರಗಳಿಗೆ ಮೆತ್ತುತ್ತದೆ. ಒರೆಸಿದ ಬಟ್ಟೆಯನ್ನು ಪ್ರತಿ ಸಲ ಬಿಚ್ಚಿ, ತೊಳೆದು, ಬಿಸಿಲಿಗೆ ಹಾಕಿರಿ.