ಅಂಗಡಿ ಕಂಪ್ಯೂಟರಿನಲ್ಲಿ ಸಿಕ್ಕವರೆಲ್ಲ ಸಾಫ್ಟ್‌ವೇರ್ ಹಾಕದಂತೆ ತಡೆಯುವುದು ಹೇಗೆ?

ಒಂದೇ ಕಂಪ್ಯೂಟರ್, ಕೂರುವವರು ನಾಲ್ಕು ಜನ, ದಿನಾ ಯಾರೋ ಏನೋ ಇನ್‌ಸ್ಟಾಲ್ ಮಾಡಿ ಹೋಗುತ್ತಾರೆ ಎಂದು ಕೇಳಿದ್ದೀರಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೂ ಡಿಟಿಪಿ, ಜೆರಾಕ್ಸ್ ಅಂಗಡಿ. ಈ ಕಾಟ ನನಗೆ ಚೆನ್ನಾಗಿ ಗೊತ್ತು.

ಒಂದು ಸಲ ನಮ್ಮ ಹುಡುಗ ಪಿಡಿಎಫ್‌ನಿಂದ ವರ್ಡ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ. ಅದರ ಬೆನ್ನಿಗೆ ಇನ್ನೂ ಮೂರು ಬಂದು ಕೂತವು. ಮರುದಿನ ಬ್ರೌಸರ್ ತೆರೆದರೆ ಬರೀ ಜಾಹೀರಾತು. ಅವತ್ತೇ ಒಂದು ಪರೀಕ್ಷೆಯ ಅರ್ಜಿಗೆ ಕೊನೇ ದಿನ. ಕೌಂಟರ್ ಹತ್ತಿರ ಒಬ್ಬ ಹುಡುಗಿ ಅಂಕಪಟ್ಟಿ ಸುರುಳಿ ಮಾಡಿ ಹಿಡಿದುಕೊಂಡು, ಗಡಿಯಾರ ನೋಡುತ್ತಾ ನಿಂತಿದ್ದಳು. ಆ ಮುಖ ಇನ್ನೂ ಮರೆತಿಲ್ಲ.

ಆಗ ಎಲ್ಲರೂ ಅಡ್ಮಿನಿಸ್ಟ್ರೇಟರ್ (ಅಡ್ಮಿನ್) ಅಕೌಂಟಿನಲ್ಲೇ, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವ ಅಕೌಂಟಿನಲ್ಲೇ, ಕೆಲಸ ಮಾಡುತ್ತಿದ್ದೆವು. ಆ ಅಕೌಂಟಿನಲ್ಲಿ ಏನಾದರೂ ಹಾಕಲು ಹೋದರೆ ವಿಂಡೋಸ್ ಬರೀ ‘ಯೆಸ್’, ‘ನೋ’ ಕೇಳುತ್ತದೆ. ಯಾರು ಬೇಕಾದರೂ ಯೆಸ್ ಒತ್ತಬಹುದು, ಅಲ್ವಾ? ಸ್ಟ್ಯಾಂಡರ್ಡ್ ಯೂಸರ್ ಆದರೆ ಅದೇ ಜಾಗದಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದವರು ಅಲ್ಲಿಗೇ ನಿಲ್ಲಬೇಕು.

ಹಳೇ ಅಕೌಂಟ್ ಅಳಿಸಬೇಡಿ, ಫೈಲುಗಳೆಲ್ಲ ಅದರಲ್ಲೇ ಇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ನಿಮಗೊಂದು ಹೊಸ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಟ್ಟು, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಅದರೊಳಗೆ ಒಮ್ಮೆ ಲಾಗಿನ್ ಆಗಿ ನೋಡಿ. ಆಮೇಲೆ ಅಲ್ಲಿಂದಲೇ ಹಳೇ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್, ಸ್ಕ್ಯಾನರ್ ಎಲ್ಲ ಮೊದಲೇ ಹಾಕಿಟ್ಟರೆ ಹುಡುಗರ ಕೆಲಸ ನಿಲ್ಲುವುದಿಲ್ಲ.

ಇಷ್ಟಾದರೂ ಒಂದು ಸಂದಿ ಉಳಿಯುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಎಲ್ಲರಿಗೂ ಸೇರಿದ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಹೋಗದೆ ಯೂಸರ್‌ನ ಸ್ವಂತ ಫೋಲ್ಡರಿನಲ್ಲೇ, ಆಪ್‌ಡೇಟಾದಲ್ಲಿ, ಕೂರುತ್ತವೆ. ಅವಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ. ಕ್ರೋಮ್ ಕೂಡ ಹಾಗೆ ಹಾಕಲು ಬರುತ್ತದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅಡ್ವಾನ್ಸ್ಡ್ ಆಪ್ ಸೆಟ್ಟಿಂಗ್ಸ್‌ಗೆ ಹೋಗಿ, ಆಪ್‌ಗಳು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಮಾತ್ರ ಎಂದು ಆರಿಸಿ. ನೆಟ್‌ನಿಂದ ಇಳಿಸಿದ್ದು ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದದ್ದು ನುಸುಳಬಹುದು. ಅದಕ್ಕೂ ಬೀಗ ಬೇಕಿದ್ದರೆ ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಆಪ್‌ಲಾಕರ್ ನಿಯಮ, ಅಂದರೆ ಯಾವ ಪ್ರೋಗ್ರಾಂ ಓಡಬಹುದು, ಯಾವುದು ಬೇಡ ಎಂಬ ನಿಯಮ, ಹಾಕಬಹುದು. ಆ ನಿಯಮ ಹಾಕುವ ಗ್ರೂಪ್ ಪಾಲಿಸಿ ಎಡಿಟರ್ ಹೋಮ್ ಆವೃತ್ತಿಯಲ್ಲಿ ಬರುವುದಿಲ್ಲ. ಒಂದೇ ಕಂಪ್ಯೂಟರಿಗೆ ಇದು ಜಾಸ್ತಿ ಆಯಿತು ಅನಿಸಿದರೆ ಬಿಡಿ.

ಪಾಸ್‌ವರ್ಡನ್ನು ಮಾತ್ರ ಮಾನಿಟರ್ ಮೇಲೆ ಚೀಟಿ ಅಂಟಿಸಿ ಇಡಬೇಡಿ. ನಾನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಹುಡುಗರಿಗೆ ಹೊಸದೇನಾದರೂ ಬೇಕಾದರೆ ಹೆಸರು ಬರೆದಿಡುತ್ತಾರೆ, ಸಂಜೆ ನಾನೇ ಕೂತು ಹಾಕಿಕೊಡುತ್ತೇನೆ.