ಡ್ರೈವ್ ಇಲ್ಲದಿದ್ದರೂ ಪ್ಲೇಟ್ ಕೆಂಪಾಗುವುದೇಕೆ?

ನಮಸ್ಕಾರ. ರೇಡಿಯೋ ಆಂಪ್ಲಿಫೈಯರಿಗಾಗಿ ಎರಡು 811ಎ ನಿರ್ವಾತ ಟ್ಯೂಬುಗಳನ್ನು ಗ್ರೌಂಡೆಡ್ ಗ್ರಿಡ್ (ಗ್ರಿಡ್ಡನ್ನು ನೆಲಕ್ಕೆ ಸೇರಿಸುವ) ವಿನ್ಯಾಸದಲ್ಲಿ ಜೋಡಿಸಿ 1500 ವೋಲ್ಟ್ ಕೊಟ್ಟಾಗ, ಡ್ರೈವ್ (ಒಳಗೆ ಕೊಡುವ ಸಿಗ್ನಲ್) ಇಲ್ಲದಿದ್ದರೂ ಒಂದು ಟ್ಯೂಬಿನ ಪ್ಲೇಟ್ ಕೆಂಪಾಗುತ್ತಿದೆ ಎಂದು ಬರೆದಿದ್ದೀರಿ. ಟ್ಯೂಬು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು, ಆಂಪ್ಲಿಫೈಯರ್ ತಾನಾಗಿಯೇ ಆಂದೋಲನಕ್ಕೆ (ಡ್ರೈವ್ ಇಲ್ಲದೆಯೇ ತಾನೇ ಸಿಗ್ನಲ್ ಹುಟ್ಟಿಸುವ ಸ್ಥಿತಿಗೆ) ಬಿದ್ದಿದೆಯೇ ಎಂದು ನೋಡಿ. ನನ್ನ ಸಂದೇಹ ಅದರ ಮೇಲೆಯೇ. ಡ್ರೈವ್ ಇಲ್ಲದಾಗ ಗ್ರಿಡ್ ಮೀಟರಿನ ಮುಳ್ಳು ಸೊನ್ನೆಯಲ್ಲಿರಬೇಕು. ಅದು ಮೇಲೆದ್ದರೆ, ಅಥವಾ ಟ್ಯೂನ್ ಕೆಪಾಸಿಟರನ್ನು ತಿರುಗಿಸಿದಂತೆ ಪ್ಲೇಟ್ ಕರೆಂಟ್ ಏರಿಳಿದರೆ, ಆಂದೋಲನವೆಂದೇ ತಿಳಿಯಿರಿ.

ಆಗ ಪ್ರತಿ ಗ್ರಿಡ್ ಪಿನ್ನನ್ನು ಸಾಕೆಟ್ಟಿನ ಬುಡದಲ್ಲಿಯೇ ಅಗಲವಾದ ತಾಮ್ರದ ಪಟ್ಟಿಯಿಂದ ಚಾಸಿಗೆ ಸೇರಿಸಿ, ಪ್ರತಿ ಪ್ಲೇಟ್ ಕ್ಯಾಪಿನ ಬಳಿ 47 ಓಮ್‌ನ ಇಂಡಕ್ಟನ್ಸ್ ಇಲ್ಲದ ರೆಸಿಸ್ಟರಿನ ಮೇಲೆ ದಪ್ಪ ತಂತಿಯನ್ನು ಮೂರು ನಾಲ್ಕು ಸುತ್ತು ಸುತ್ತಿ, ಎರಡೂ ತುದಿಗಳಲ್ಲಿ ಬೆಸುಗೆ ಹಾಕಿ ಅಳವಡಿಸಿ. ತಂತಿ ಸುತ್ತಿ ಮಾಡಿದ ರೆಸಿಸ್ಟರಿಗೆ ತನ್ನದೇ ಇಂಡಕ್ಟನ್ಸ್ ಇರುವುದರಿಂದ ಅದು ಇಲ್ಲಿ ನಡೆಯದು.

ಮುಳ್ಳು ಅಲುಗದೆ ನಿಂತಿದ್ದರೆ ದೋಷ ಬಯಸ್ಸಿನದಿರಬಹುದು (ಬಯಸ್ ಎಂದರೆ ಪ್ಲೇಟ್ ಕರೆಂಟನ್ನು ಹಿಡಿತದಲ್ಲಿಡಲು ಗ್ರಿಡ್ಡಿಗೆ ಕೊಡುವ ಸ್ಥಿರ ವೋಲ್ಟೇಜ್): ಈ ಟ್ಯೂಬು ಸುಮಾರು 1250 ವೋಲ್ಟಿನವರೆಗೆ ಬಯಸ್ ಇಲ್ಲದೆ ನಡೆಯುತ್ತದೆ, 1500ಕ್ಕೆ ಸುಮಾರು 4.5 ವೋಲ್ಟ್ ಋಣ ಬಯಸ್ ಬೇಕು. ಫಿಲಮೆಂಟ್ ಟ್ರಾನ್ಸ್‌ಫಾರ್ಮರಿನ ಮಧ್ಯದ ಟ್ಯಾಪಿಗೂ ನೆಲಕ್ಕೂ ನಡುವೆ 4.7 ವೋಲ್ಟಿನ ಪವರ್ ಝೀನರ್ (ವೋಲ್ಟೇಜನ್ನು ಸ್ಥಿರವಾಗಿಡುವ ಡಯೋಡ್) ಹಾಕಿದರೆ ಸಾಕು.

ಇವೆಲ್ಲಕ್ಕೂ ಮುಂಚೆ ಪ್ಲಗ್ ಕಿತ್ತಿಡಿ. ಸಪ್ಲೈನ 200 ಮೈಕ್ರೊಫ್ಯಾರಡ್ ಕೆಪಾಸಿಟರುಗಳಿಗೆ 100 ಕಿಲೋಓಮ್ ಬ್ಲೀಡರ್ (ಚಾರ್ಜನ್ನು ಹರಿದುಹೋಗಿಸುವ ರೆಸಿಸ್ಟರ್) ಇದ್ದರೂ ಅವು ಬರಿದಾಗಲು 100 ಸೆಕೆಂಡು ಬೇಕು, ಬ್ಲೀಡರ್ ಸುಟ್ಟಿದ್ದರೆ ಅವು ಬರಿದಾಗುವುದೇ ಇಲ್ಲ. ಆದ್ದರಿಂದ ಮೀಟರಿನಲ್ಲಿ ಅಳೆದೇ ಕೈ ಹಾಕಿ.