ಮರು: ಎಂ-ಸ್ಯಾಂಡ್ ತೊಳೆದ ನೀರು ತಿಳಿಯಾಗ್ತಿಲ್ಲ (ಅರಸೀಕೆರೆ)

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ತೊಳೆದ ನೀರನ್ನ ಹೊಂಡದಲ್ಲಿ ಮೂರು ದಿನ ಬಿಟ್ಟರೂ ಹಾಲಿನ ಥರಾನೇ ಇದೆ ಅಂದಿರಲ್ಲ, ಹಾಗಾದ್ರೆ ಹೊಂಡ ಚಿಕ್ಕದಾಗಿರೋದು ಕಾರಣ ಇರಲಾರದು. ಬಹುಶಃ ಕಲ್ಲಿನ ಜೊತೆ ಮೇಲ್ಮಣ್ಣು ಬರ್ತಿದೆ. ಅದರ ಜೇಡಿ ಕಣ ಸುಲಭಕ್ಕೆ ತಳ ಸೇರೋದಿಲ್ಲ. ನಮ್ಮಲ್ಲೂ ಇದೇ ಆಗಿತ್ತು.

ಮೊದಲು ಕ್ರಷರ್‌ಗೆ ಹಾಕೋ ಮುಂಚೆ ಕಲ್ಲನ್ನ ಜರಡಿ ಹಿಡಿದು ಮಣ್ಣು ಬೇರೆ ಮಾಡಿ. ಆಮೇಲೆ ಪಟಿಕ, ಜೇಡಿ ಕಣ ಗಂಟುಗೂಡಿ ತಳ ಸೇರೋಕೆ. ಎಷ್ಟು ಬೇಕು ಅಂತ ಮೊದಲು ಬಾಟಲಿಯಲ್ಲಿ ನೋಡಿ. 10 ಗ್ರಾಂ ಪುಡಿಯನ್ನು 1 ಲೀಟರ್ ನೀರಲ್ಲಿ ಕರಗಿಸಿ. ಒಂದೊಂದು ಲೀಟರ್ ಕೆಸರು ನೀರಿರೋ 4 ಬಾಟಲಿಗೆ 5, 10, 15, 20 ಎಂಎಲ್ ಹಾಕಿ, ಕಲಕಿ, ಅರ್ಧ ಗಂಟೆ ಬಿಡಿ. 10 ಎಂಎಲ್ ಹಾಕಿದ್ದು ತಿಳಿಯಾದರೆ ಸಾವಿರ ಲೀಟರಿಗೆ 100 ಗ್ರಾಂ ಲೆಕ್ಕ. ಕಣ್ಣಂದಾಜಲ್ಲಿ ಸುರೀಬೇಡಿ, ನೀರು ಹುಳಿಯಾಗಿ ಪಂಪ್ ತಿನ್ನುತ್ತೆ. ನಾಲ್ಕರಲ್ಲೂ ತಿಳಿಯಾಗದಿದ್ರೆ ಪಾಲಿಎಲೆಕ್ಟ್ರೋಲೈಟ್ (ಕಣಗಳನ್ನ ಗಂಟುಗೂಡಿಸೋ ರಾಸಾಯನಿಕ) ಬೇಕಾಗಬಹುದು, ಅದನ್ನೂ ಬಾಟಲಿಯಲ್ಲೇ ನೋಡಿ.

ಪಟಿಕದ ನೀರನ್ನು ಹೊಂಡಕ್ಕಲ್ಲ, ಹೊಂಡಕ್ಕೆ ಹೋಗೋ ಕಾಲುವೆ ಶುರುವಾಗೋ ಕಡೆ ಹನಿಸಿ, ಹರೀತಾ ಬೆರೆಯುತ್ತೆ. ಹೊಂಡದ ನಡುವೆ ಅಡ್ಡಗೋಡೆ ಕಟ್ಟಿ ಎರಡು ಮಾಡಿ. ಎರಡನೇದರಲ್ಲಿ ಪಂಪಿಗೆ ನೀರೆಳೆಯೋ ಪೈಪಿನ ತುದಿಯ ಫುಟ್‌ವಾಲ್ವ್‌ನ ಖಾಲಿ ಡ್ರಮ್ಮಿಗೆ ಕಟ್ಟಿ ತೇಲಿಸಿ, ಮೇಲಿನ ತಿಳಿನೀರನ್ನೇ ಎಳೆಯಲಿ. ಅದನ್ನೇ ತೊಳೆಯೋಕೆ ತಿರುಗಿಸಿ. ಬೋರ್ ನೀರು ಮರಳಲ್ಲಿ ಹೋದಷ್ಟನ್ನ ತುಂಬಿಸೋಕೆ ಮಾತ್ರ.

ಕೆಸರನ್ನ ಕೆರೆ ಕಡೆ ಬಿಡೋ ಯೋಚನೆ ಬೇಡವೇ ಬೇಡ. ಒಣಗಿಸಿ ಹಳೇ ಕ್ವಾರಿ ಗುಂಡಿಗೆ ತುಂಬಿ.